ಗಮನ ನಿಲ್ಲದ ಮಗುವಿಗೆ ನಿತ್ಯ ಔಷಧ ಕೊಡುವ ಬಗೆ

ಚಿಕ್ಕಬಾಣಾವರದ ನಮ್ಮ ಮನೆಯಲ್ಲಿ ಬೆಳಗಿನ ಏಳು ಗಂಟೆಯ ಹೊತ್ತು ಕಳೆದ ವರ್ಷದವರೆಗೂ ಮನೆಮಂದಿಗೆಲ್ಲ ಪರೀಕ್ಷೆಯ ಹೊತ್ತಾಗಿತ್ತು. ಮಗ ಪೀಣ್ಯದ ಕಾರ್ಖಾನೆಯ ಮೊದಲ ಪಾಳಿಗೆ ಆಗಲೇ ಹೊರಟಿರುತ್ತಿದ್ದ. ಸೊಸೆ ಯಶವಂತಪುರದ ಕಡೆಗೆ ಹೋಗುವ ರೈಲು ಹಿಡಿಯುವ ಅವಸರದಲ್ಲಿರುತ್ತಿದ್ದಳು. ಏಳು ವರ್ಷದ ಮೊಮ್ಮಗನಿಗೆ ವೈದ್ಯರು ಬರೆದುಕೊಟ್ಟ ಒಂದು ಸಣ್ಣ ಮಾತ್ರೆಯನ್ನು ನುಂಗಿಸುವ ಹೊಣೆ ನಿವೃತ್ತ ಶಿಕ್ಷಕರಾದ ನಮ್ಮಿಬ್ಬರ ಪಾಲಿಗೆ ಬಂದಿತ್ತು. ಸಾವಿರಾರು ಮಕ್ಕಳಿಗೆ ಪಾಠ ಹೇಳಿದ ನಮಗೆ ಇದೊಂದು ಕೆಲಸವೇ ಎಂದುಕೊಂಡಿದ್ದೆವು. ಆದರೆ ಆ ಪುಟ್ಟ ಮಾತ್ರೆಯ ಮುಂದೆ ನಮ್ಮ ಅನುಭವವೆಲ್ಲ ಸೋತಿತು.

ನಾವು ಮಾಡಿದ ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇವೆ. ಆರಂಭದ ವಾರಗಳಲ್ಲಿ ಗದರಿಸಿ, ಕೈ ಹಿಡಿದು ನುಂಗಿಸಿದೆವು. ಅದು ಕೈಗೂಡದಾದಾಗ ಮಾತ್ರೆಯನ್ನು ಪುಡಿ ಮಾಡಿ ಬಾಳೆಹಣ್ಣಿನ ರಸಾಯನದಲ್ಲಿ ಬೆರೆಸಿದೆವು. ಒಂದು ದಿನ ಪೂಜೆಯ ಪ್ರಸಾದದಲ್ಲಿಯೂ ಬೆರೆಸಿ ಕೊಟ್ಟೆವು. ಮಗುವಿನ ನಾಲಗೆಗೆ ಕಹಿ ತಿಳಿಯಿತು. ಅಂದಿನಿಂದ ಅವನು ನಮ್ಮ ಕೈಯಿಂದ ಪ್ರಸಾದವನ್ನೂ ತೆಗೆದುಕೊಳ್ಳಲಿಲ್ಲ; ತಟ್ಟೆಗೆ ಬಡಿಸಿದ್ದನ್ನೆಲ್ಲ ಮೂಸಿ ನೋಡತೊಡಗಿದ. ಆಮೇಲೆ ಮತ್ತೆ ಕೈಗೇ ಮಾತ್ರೆ ಕೊಟ್ಟೆವು. ಅವನು ಮಾತಾಡದೆ ಬಾಯಿಗೆ ಹಾಕಿಕೊಂಡು ನೀರು ಕುಡಿಯತೊಡಗಿದ. ನಾವು ಗೆದ್ದೆವೆಂದು ಭಾವಿಸಿದೆವು. ಮುಂದಿನ ಭೇಟಿಯಲ್ಲಿ ವೈದ್ಯರು ಕೇಳಿದಾಗ, “ತಪ್ಪದೆ ತೆಗೆದುಕೊಳ್ಳುತ್ತಿದ್ದಾನೆ, ಆದರೆ ಗುಣ ಕಾಣುತ್ತಿಲ್ಲ” ಎಂದೆವು. ಅವರು ಔಷಧದ ಪ್ರಮಾಣವನ್ನು ಒಂದು ಹಂತ ಏರಿಸಿ ಬರೆದರು. ಅದನ್ನು ಆರಂಭಿಸುವ ಹಿಂದಿನ ದಿನ ಸೊಸೆ ಕಿಟಕಿಯ ಸಂದಿಯನ್ನು ಗುಡಿಸುವಾಗ ಹನ್ನೊಂದು ಮಾತ್ರೆಗಳು ಸಿಕ್ಕಿದವು.

ಔಷಧ ಕೆಲಸ ಮಾಡಲಿಲ್ಲವೆಂಬುದು ಸುಳ್ಳಾಗಿತ್ತು. ಔಷಧ ಹೊಟ್ಟೆಗೇ ಹೋಗಿರಲಿಲ್ಲ. ನಮ್ಮ ಮಾತನ್ನು ನಂಬಿ ವೈದ್ಯರು ಬರೆದ ಹೆಚ್ಚಿನ ಪ್ರಮಾಣವನ್ನು ಮಗು ಮರುದಿನ ನಿಜವಾಗಿಯೂ ನುಂಗಿದ್ದರೆ ಅದರ ಹೊಣೆ ಯಾರದು? ಈ ಪ್ರಶ್ನೆಯೇ ಈ ಲೇಖನವನ್ನು ಬರೆಯಲು ಕಾರಣ. ನಾವು ವೈದ್ಯರಲ್ಲ. ವೈದ್ಯರಿಂದ ಕೇಳಿ ತಿಳಿದುದನ್ನೂ ಓದಿ ಅರಿತುದನ್ನೂ ಮನೆಯಲ್ಲಿ ಕಲಿತುದನ್ನೂ, ಇಂಥದೇ ಕಷ್ಟದಲ್ಲಿರುವ ಭಕ್ತ ಕುಟುಂಬಗಳ ಮುಂದೆ ಇಡುತ್ತಿದ್ದೇವೆ.

ಇದು ತುಂಟತನವಲ್ಲ

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಈ ತೊಂದರೆಯನ್ನು ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುತ್ತಾರೆ. ಜಗತ್ತಿನ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರೆ ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ. ಇದರ ಲಕ್ಷಣಗಳು ಮೂರು ಬಗೆ. ಒಂದು, ಮನಸ್ಸು ಒಂದು ಕೆಲಸದಲ್ಲಿ ನಿಲ್ಲದಿರುವುದು: ಹೇಳಿದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯದು, ಪೆನ್ಸಿಲು ಪುಸ್ತಕಗಳು ದಿನವೂ ಕಳೆಯುವುವು, ಆರಂಭಿಸಿದ್ದು ಮುಗಿಯದು. ಎರಡು, ದೇಹಕ್ಕೆ ಬಿಡುವೇ ಇಲ್ಲದ ಚಲನೆ. ಮೂರು, ಯೋಚಿಸುವ ಮೊದಲೇ ಮಾಡಿಬಿಡುವುದು: ಪ್ರಶ್ನೆ ಮುಗಿಯುವ ಮೊದಲೇ ಉತ್ತರ, ಸರದಿ ಬರುವ ಮೊದಲೇ ನೂಕುನುಗ್ಗಲು, ರಸ್ತೆಯ ಎರಡು ಕಡೆ ನೋಡುವ ಮೊದಲೇ ಓಟ. ಕೆಲವು ಮಕ್ಕಳಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಮೊದಲ ಬಗೆಯೊಂದೇ ಎದ್ದು ಕಾಣುವುದುಂಟು. ಅಂಥವರು ಗದ್ದಲ ಮಾಡದೆ ಕನಸು ಕಾಣುತ್ತ ಕುಳಿತಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲ್ಲ ಮಕ್ಕಳೂ ಒಮ್ಮೊಮ್ಮೆ ಹೀಗೆ ಇರುತ್ತಾರೆ. ಆದುದರಿಂದ ವೈದ್ಯರು ನಿರ್ಧಾರಕ್ಕೆ ಬರುವ ಮೊದಲು ಕೆಲವು ವಿಷಯಗಳನ್ನು ಖಚಿತಪಡಿಸಿಕೊಳ್ಳುತ್ತಾರೆ. ಲಕ್ಷಣಗಳು ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದಿರಬೇಕು. ಹನ್ನೆರಡು ವರ್ಷದೊಳಗೆ ಆರಂಭವಾಗಿರಬೇಕು. ಮನೆ, ಶಾಲೆ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು. ಮಗುವಿನ ಕಲಿಕೆಗೋ ಒಡನಾಟಕ್ಕೋ ನಿಜವಾದ ಅಡ್ಡಿಯಾಗಿರಬೇಕು. ಕಿವಿ ಕೇಳಿಸದಿರುವುದು, ಕಣ್ಣು ಕಾಣಿಸದಿರುವುದು, ನಿದ್ರೆಯ ಕೊರತೆ, ಮೂರ್ಛೆರೋಗ, ಓದುಬರಹದ ಕಲಿಕೆಯ ತೊಂದರೆ, ಮನೆಯೊಳಗಿನ ಭಯ ಇವುಗಳಿಂದಲೂ ಮಗುವಿನ ಗಮನ ಚದುರಬಹುದು, ಅವನ್ನೂ ಪರಿಶೀಲಿಸುತ್ತಾರೆ. ರಕ್ತಪರೀಕ್ಷೆಯಲ್ಲಿಯೋ ತಲೆಯ ಸ್ಕ್ಯಾನಿನಲ್ಲಿಯೋ ತಿಳಿಯುವ ತೊಂದರೆ ಇದಲ್ಲ. ತಂದೆತಾಯಿಗಳ ಮಾತು, ಶಾಲೆಯ ಶಿಕ್ಷಕರ ವರದಿ, ಮಗುವನ್ನು ನೇರವಾಗಿ ನೋಡುವುದು ಈ ಮೂರೇ ಇಲ್ಲಿ ಪ್ರಮಾಣ.

ಇದು ಹೊಸ ಕಾಲದ ಹೊಸ ಕಾಯಿಲೆಯಲ್ಲ. 1902ರಲ್ಲಿಯೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿದ್ದರು. ಇದರ ಮೂಲದಲ್ಲಿ ವಂಶವಾಹಿಯ ಪಾಲು ಬಹು ದೊಡ್ಡದು. ಮುದ್ದು ಮಾಡಿ ಕೆಡಿಸಿದ್ದರಿಂದಲೋ ಹೊಡೆಯದಿದ್ದುದರಿಂದಲೋ ಬರುವುದಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತ ನಾವು ಇಂಥ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇವೆಯೋ ಲೆಕ್ಕವಿಲ್ಲ. ನಮ್ಮ ಮನೆಯಲ್ಲಿಯೇ ಅಂಥ ಮಗು ಹುಟ್ಟಿ ಬೆಳೆದ ಮೇಲೆ ನಮಗೆ ತಿಳುವಳಿಕೆ ಬಂದಿತು.

ಔಷಧ ಯಾರಿಗೆ, ಯಾವಾಗ

ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೊದಲು ಕೊಡುವುದು ಮಾತ್ರೆಯನ್ನಲ್ಲ, ತಂದೆತಾಯಿಗಳಿಗೆ ತರಬೇತಿಯನ್ನು. ಮಗುವಿಗೆ ಹೇಗೆ ಹೇಳಬೇಕು, ಯಾವುದನ್ನು ಮೆಚ್ಚಬೇಕು, ಯಾವುದನ್ನು ಕಂಡೂ ಕಾಣದಂತಿರಬೇಕು ಎಂಬುದನ್ನು ಕಲಿಸುತ್ತಾರೆ. ಆರು ದಾಟಿದ ಮಕ್ಕಳಲ್ಲಿ ತೊಂದರೆ ಸಾಕಷ್ಟು ಇದ್ದರೆ ಈ ತರಬೇತಿಯ ಜೊತೆಗೆ ಔಷಧವನ್ನೂ ಸೇರಿಸುತ್ತಾರೆ.

ಬಳಕೆಯಲ್ಲಿರುವ ಮುಖ್ಯ ಔಷಧಗಳು ಎರಡು. ಮೊದಲನೆಯದು ಮೀಥೈಲ್‌ಫೆನಿಡೇಟ್. ಇದನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂದ್ರೋ ಪನಿಜ್ಜೋನ್ ಮೊದಲು ತಯಾರಿಸಿದರು. ಮಿದುಳಿನಲ್ಲಿ ಗಮನವನ್ನು ಹಿಡಿದಿಡಲು ನೆರವಾಗುವ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ತಮ್ಮ ಕೆಲಸದ ಸ್ಥಳದಲ್ಲಿ ಇನ್ನಷ್ಟು ಹೊತ್ತು ಉಳಿಯುವಂತೆ ಇದು ಮಾಡುತ್ತದೆ. ಇದು ಮಂಪರು ಬರಿಸುವ ಮಾತ್ರೆಯಲ್ಲ. ಸಾಮಾನ್ಯ ಮಾತ್ರೆ ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಆರಂಭಿಸಿ ಸುಮಾರು ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ಎರಡನೆಯದು ಆಟೊಮಾಕ್ಸೆಟಿನ್. ಇದರ ಪರಿಣಾಮ ಅಂದೇ ಕಾಣುವುದಿಲ್ಲ. ಹಲವು ವಾರ ತಪ್ಪದೆ ಕೊಟ್ಟ ಮೇಲೆ ಪೂರ್ಣ ಗುಣ ತಿಳಿಯುತ್ತದೆ. ಎರಡು ವಾರ ಕೊಟ್ಟು “ಏನೂ ಆಗಲಿಲ್ಲ” ಎಂದು ನಿಲ್ಲಿಸುವವರು ಈ ವ್ಯತ್ಯಾಸವನ್ನು ಅರಿತಿರುವುದಿಲ್ಲ. ಕೆಲವು ಮಕ್ಕಳಿಗೆ ಕ್ಲೊನಿಡಿನ್ ಬರೆಯುವುದೂ ಉಂಟು. ಇದನ್ನು ಮನಸ್ಸು ಬಂದಂತೆ ಒಮ್ಮೆಲೇ ನಿಲ್ಲಿಸಕೂಡದು. ರಕ್ತದೊತ್ತಡ ಹಠಾತ್ತಾಗಿ ಏರಬಹುದು.

ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ನಮ್ಮಂಥವರಿಗೆ ಮುಖ್ಯವಾದುದು. ಏಳರಿಂದ ಒಂಬತ್ತು ವರ್ಷದ 579 ಮಕ್ಕಳನ್ನು 14 ತಿಂಗಳು ನಾಲ್ಕು ಗುಂಪುಗಳಲ್ಲಿ ನೋಡಿದರು. ತಿಂಗಳು ತಿಂಗಳೂ ಭೇಟಿ ಮಾಡಿ, ಶಿಕ್ಷಕರನ್ನು ವಿಚಾರಿಸಿ, ಪ್ರಮಾಣವನ್ನು ಎಚ್ಚರದಿಂದ ಹೊಂದಿಸುತ್ತ ಔಷಧ ಕೊಟ್ಟ ಮಕ್ಕಳಲ್ಲಿ ಮೂಲ ಲಕ್ಷಣಗಳು ಚೆನ್ನಾಗಿ ತಗ್ಗಿದವು. ಊರಿನ ಸಾಮಾನ್ಯ ಚಿಕಿತ್ಸೆಯಲ್ಲಿದ್ದ ಗುಂಪಿನಲ್ಲಿ ಹೆಚ್ಚಿನ ಮಕ್ಕಳು ಔಷಧವನ್ನೇ ತೆಗೆದುಕೊಳ್ಳುತ್ತಿದ್ದರೂ ಅಷ್ಟು ಗುಣ ಕಾಣಲಿಲ್ಲ. ಔಷಧ ಹೆಚ್ಚುಕಡಿಮೆ ಒಂದೇ. ಕೊಡುವ ಕ್ರಮದಲ್ಲಿ ವ್ಯತ್ಯಾಸ. ವರ್ಷಗಳು ಉರುಳಿ ಆ ನಿಕಟ ನಿಗಾ ನಿಂತ ಮೇಲೆ ಗುಂಪುಗಳ ನಡುವಣ ಅಂತರವೂ ಕರಗಿತು. ಮಾತ್ರೆಯೊಂದರಿಂದಲೇ ಎಲ್ಲ ಮುಗಿಯಿತೆಂದು ತಿಳಿಯುವಂತಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಮಗು ಏಕೆ ಒಲ್ಲೆನೆನ್ನುತ್ತದೆ

ಕಿಟಕಿಯ ಸಂದಿಯ ಮಾತ್ರೆಗಳನ್ನು ಕಂಡ ದಿನ ಸಂಜೆ ನಾವು ಮೊಮ್ಮಗನನ್ನು ಗದರಿಸಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, “ಯಾಕಪ್ಪಾ ಬೇಡ ಅನ್ನಿಸುತ್ತೆ?” ಎಂದು ಮೊದಲ ಬಾರಿಗೆ ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, “ತಾತಾ, ಅದು ಕೆಟ್ಟ ಹುಡುಗರ ಮಾತ್ರೆ ಅಲ್ವಾ?” ಎಂದ. ಆ ಮಾತನ್ನು ಅವನಿಗೆ ಕಲಿಸಿದವರು ನಾವೇ. ಅವನು ಏನಾದರೂ ಚೆಲ್ಲಿದಾಗ, ಬೀಳಿಸಿದಾಗ, ಮನೆಯಲ್ಲಿ ಯಾರಾದರೊಬ್ಬರು “ಇವತ್ತು ಮಾತ್ರೆ ತಗೊಂಡಿಲ್ವಾ?” ಎಂದು ಕೇಳುವುದು ರೂಢಿಯಾಗಿಬಿಟ್ಟಿತ್ತು. ಮಾತ್ರೆಯನ್ನು ಶಿಕ್ಷೆಯ ಮಾತಾಗಿ ಬಳಸಿದರೆ ಮಗು ಅದನ್ನು ಶಿಕ್ಷೆಯೆಂದೇ ತಿಳಿಯುತ್ತದೆ. ಅಂದಿನಿಂದ ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಆಡಕೂಡದೆಂದು ನಿಯಮ ಮಾಡಿಕೊಂಡೆವು.

ಬೇರೆ ಮಕ್ಕಳಿಗೆ ಬೇರೆ ಕಾರಣಗಳಿರಬಹುದು. ಕಹಿ ರುಚಿ, ಗಂಟಲಲ್ಲಿ ಸಿಕ್ಕಿಕೊಂಡೀತೆಂಬ ಹೆದರಿಕೆ, ಹೊಟ್ಟೆನೋವು, ತಲೆನೋವು, ಗೆಳೆಯರು ಕಂಡಾರೆಂಬ ನಾಚಿಕೆ, “ಮಾತ್ರೆ ತೆಗೆದುಕೊಂಡರೆ ಆಟ ಆಡಬೇಕೆಂದೇ ಅನ್ನಿಸುವುದಿಲ್ಲ” ಎಂಬ ಮಂಕು. ಕಡೆಯದು ಪ್ರಮಾಣ ಹೆಚ್ಚಾಗಿರುವುದರ ಸೂಚನೆಯಾಗಿರಬಹುದು, ವೈದ್ಯರಿಗೆ ತಿಳಿಸಲೇಬೇಕು. ಕಾರಣ ತಿಳಿಯದೆ ಬಲವಂತ ಮಾಡಿದರೆ ಕಾರಣ ಹಾಗೆಯೇ ಉಳಿದು, ಮಾತ್ರೆ ಮಾತ್ರ ಕಿಟಕಿಯ ಸಂದಿ ಸೇರುತ್ತದೆ.

ಮಗುವಿಗೆ ನಿಜವನ್ನು ಸರಳವಾಗಿ ಹೇಳಬೇಕು. ನಾವು ಹೇಳಿದ್ದು ಇಷ್ಟೇ: “ತಾತನಿಗೆ ದೂರದ್ದು ಕಾಣಲಿ ಅಂತ ಕನ್ನಡಕ ಇದೆ. ನಿನ್ನ ತಲೆ ತುಂಬ ಚುರುಕು, ಒಂದೇ ಸಲಕ್ಕೆ ಹತ್ತು ಕಡೆ ಓಡುತ್ತೆ. ಒಂದು ಕಡೆ ನಿಲ್ಲೋದಕ್ಕೆ ಈ ಮಾತ್ರೆ ಸಹಾಯ ಮಾಡುತ್ತೆ. ಕೆಲಸ ಮಾಡೋದು ಮಾತ್ರ ನೀನೇ.” ಕೊನೆಯ ವಾಕ್ಯವನ್ನು ಮರೆಯಬಾರದು. ಮಗು ಲೆಕ್ಕ ಸರಿಮಾಡಿದರೆ ಅದರ ಹೆಸರು ಮಗುವಿಗೇ ಸಲ್ಲಬೇಕು.

ಔಷಧವನ್ನು ಚಾಕಲೇಟು, ಮಿಠಾಯಿ ಎಂದು ಕರೆಯಬಾರದು. ಹಾಗೆಂದು ನಂಬಿದ ಮಗು, ಇಲ್ಲವೆ ಅದರ ತಮ್ಮನೋ ತಂಗಿಯೋ, ಡಬ್ಬಿ ಕೈಗೆ ಸಿಕ್ಕ ದಿನ ಹತ್ತು ಮಾತ್ರೆ ತಿಂದುಬಿಡಬಹುದು. ಪ್ರಸಾದದಲ್ಲಿ, ಊಟದಲ್ಲಿ ಗುಟ್ಟಾಗಿ ಬೆರೆಸಬಾರದು. ಪ್ರಸಾದವೆಂದರೆ ನಂಬಿ ಸ್ವೀಕರಿಸುವಂಥದು. ಅದರೊಳಗೆ ನಾವು ಮೋಸವನ್ನಿಟ್ಟಿದ್ದೆವು. ಆ ನಂಬಿಕೆ ಮರಳಿ ಬರಲು ನಮಗೆ ಎರಡು ತಿಂಗಳು ಹಿಡಿಯಿತು.

ನುಂಗಲು ಕಲಿಸುವುದು

ಮಾತ್ರೆ ನುಂಗುವುದೂ ಈಜಿನಂತೆ, ಸೈಕಲ್ಲಿನಂತೆ ಕಲಿಯಬೇಕಾದ ವಿದ್ಯೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಕಲಿಸಬಹುದು; ತೀರ ಚಿಕ್ಕ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಇದನ್ನು ಪ್ರಯತ್ನಿಸಬಾರದು. ಔಷಧದ ಹೊತ್ತಿನಲ್ಲಿ ಅಲ್ಲ, ರಜಾದಿನದ ಸಂಜೆ, ಎಲ್ಲರೂ ಹಗುರ ಮನಸ್ಸಿನಲ್ಲಿರುವಾಗ ಅಭ್ಯಾಸ ಮಾಡಿಸಬೇಕು. ಅಳುವಾಗ, ನಗುವಾಗ, ಮಲಗಿರುವಾಗ ಸಲ್ಲದು. ಮೊದಲು ಒಂದು ಗುಟುಕು ನೀರು ನುಂಗಿಸಿ ಗಂಟಲು ಒದ್ದೆ ಮಾಡಬೇಕು. ಅನಂತರ ಒಂದು ಅನ್ನದ ಅಗುಳನ್ನು ನಾಲಗೆಯ ಮೇಲಿಟ್ಟು ಅಗಿಯದೆ ನೀರಿನೊಡನೆ ನುಂಗಿಸಬೇಕು. ಅದು ಸಲೀಸಾದ ಮೇಲೆ ಜೀರಿಗೆ ಪೆಪ್ಪರಮಿಂಟು. ಅದೂ ಸಲೀಸಾದ ಮೇಲೆ ಮಾತ್ರೆಯಷ್ಟೇ ಗಾತ್ರದ, ಬಾಯಲ್ಲಿ ಕರಗುವ ಸಣ್ಣ ಮಿಠಾಯಿ. ಒಂದು ಗಾತ್ರ ಹಲವು ಬಾರಿ ಸುಲಭವಾಗಿ ಇಳಿದ ಮೇಲೆಯೇ ಮುಂದಿನದು. ಸೋತರೆ ಹಿಂದಿನ ಗಾತ್ರಕ್ಕೆ ಮರಳಿ, ಗೆಲುವಿನಲ್ಲಿಯೇ ಆ ದಿನದ ಅಭ್ಯಾಸ ಮುಗಿಸಬೇಕು. ನಮ್ಮ ಮೊಮ್ಮಗ ಐದು ಸಂಜೆಗಳಲ್ಲಿ ಕಲಿತ.

ಇನ್ನೊಂದು ಚಿಕ್ಕ ಉಪಾಯ. ಕ್ಯಾಪ್ಸೂಲು ಹಗುರ, ನೀರಿನ ಮೇಲೆ ತೇಲುತ್ತದೆ. ಆದುದರಿಂದ ನೀರು ಬಾಯಿಗೆ ತೆಗೆದುಕೊಂಡ ಮೇಲೆ ಗದ್ದವನ್ನು ಎದೆಯ ಕಡೆಗೆ ಬಾಗಿಸಿ ನುಂಗಿದರೆ ಅದು ಗಂಟಲ ಬಳಿಗೆ ಬಂದು ಸುಲಭವಾಗಿ ಇಳಿಯುತ್ತದೆ. ತಲೆಯನ್ನು ಪೂರ್ತಿ ಹಿಂದಕ್ಕೆ ಎತ್ತಿ ನುಂಗಿಸುವ ನಮ್ಮ ಹಳೆಯ ರೂಢಿ ಇಲ್ಲಿ ತೊಡಕೇ.

ಮಾತ್ರೆಯನ್ನು ಪುಡಿ ಮಾಡುವ ಮೊದಲು ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಲೇಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಿದರೆ, ಅಗಿದರೆ, ಇಡೀ ದಿನದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ. ಆಟೊಮಾಕ್ಸೆಟಿನ್ ಕ್ಯಾಪ್ಸೂಲನ್ನು ಬಿಚ್ಚಬಾರದು. ಒಳಗಿನ ಪುಡಿ ಕಣ್ಣಿಗೆ ತಗಲಿದರೆ ಉರಿಯುತ್ತದೆ. ಬಿಚ್ಚಿ ಒಂದು ಚಮಚ ಮೆತ್ತನೆಯ ಆಹಾರದ ಮೇಲೆ ಉದುರಿಸಿ ಕೊಡಬಹುದಾದ ಕೆಲವು ಕ್ಯಾಪ್ಸೂಲುಗಳೂ ಇವೆ; ಹಾಗೆ ಕೊಡುವಾಗಲೂ ಮಗುವಿಗೆ ತಿಳಿಸಿಯೇ ಕೊಡಬೇಕು, ಕೂಡಲೇ ಅಗಿಯದೆ ನುಂಗಿಸಬೇಕು.

ದಿನಚರಿಯಲ್ಲಿ ಸೇರಿಸುವುದು

ನೆನಪನ್ನು ನಂಬಿದರೆ ಔಷಧ ತಪ್ಪುತ್ತದೆ. ದಿನವೂ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಅದನ್ನು ಜೋಡಿಸಬೇಕು. ನಮ್ಮ ಮನೆಯಲ್ಲಿ ಸ್ನಾನ, ವಿಭೂತಿ, ಪೂಜೆ, ತಿಂಡಿ, ಮಾತ್ರೆ, ಶಾಲೆಯ ಚೀಲ ಎಂಬುದು ಈಗ ಕ್ರಮ. ಗೋಡೆಯ ಪಂಚಾಂಗದಲ್ಲಿ ಆಯಾ ದಿನದ ಮನೆಗೆ ಮೊಮ್ಮಗನೇ ಗೀಟು ಹಾಕುತ್ತಾನೆ. ಬೆಳಿಗ್ಗೆ ಕೊಡುವವರು ಯಾರೆಂಬುದೂ ನಿಶ್ಚಯವಾಗಿರಬೇಕು. “ಅವರು ಕೊಟ್ಟಿರಬಹುದು” ಎಂದು ಇಬ್ಬರೂ ಬಿಟ್ಟರೆ ಒಂದು ದಿನ ತಪ್ಪುತ್ತದೆ. ಇಬ್ಬರೂ ಕೊಟ್ಟರೆ ಎರಡು ಪಾಲು ಬೀಳುತ್ತದೆ. ಗೀಟು ಕಂಡರೆ ಆ ಸಂಶಯವಿಲ್ಲ.

ತಿಂಡಿಯ ಬಳಿಕ ಮಾತ್ರೆ ಎಂದುದಕ್ಕೆ ಕಾರಣವಿದೆ. ಮೀಥೈಲ್‌ಫೆನಿಡೇಟ್ ಹಸಿವನ್ನು ತಗ್ಗಿಸುತ್ತದೆ. ಶಾಲೆಯ ಡಬ್ಬಿ ಅರ್ಧ ಉಳಿದು ಬಂದರೆ ಬಯ್ಯಬಾರದು. ಬೆಳಿಗ್ಗೆ ಮಾತ್ರೆಗೆ ಮುನ್ನ ಹೊಟ್ಟೆ ತುಂಬ ಇಡ್ಲಿಯೋ ರೊಟ್ಟಿಯೋ ಹಾಲೋ ಕೊಡಬೇಕು. ಸಂಜೆ ಔಷಧದ ಪ್ರಭಾವ ಇಳಿದು ಹಸಿವು ಮರಳಿದಾಗ ಕಡಲೆಬೀಜ, ಬೆಲ್ಲ, ಹಣ್ಣು. ರಾತ್ರಿ ಮುದ್ದೆ, ಸೊಪ್ಪಿನ ಸಾರು, ಮೊಸರು ಹೀಗೆ ಹಗಲಿನ ಕೊರತೆಯನ್ನು ತುಂಬಿಕೊಡಬೇಕು.

ಬೆಳಿಗ್ಗೆ ಮರೆತುದು ಮಧ್ಯಾಹ್ನದ ಮೇಲೆ ನೆನಪಾದರೆ ಮೀಥೈಲ್‌ಫೆನಿಡೇಟನ್ನು ಆ ದಿನಕ್ಕೆ ಬಿಟ್ಟುಬಿಡುವುದೇ ಸಾಮಾನ್ಯವಾಗಿ ಲೇಸು. ಹೊತ್ತು ಮೀರಿ ಕೊಟ್ಟರೆ ರಾತ್ರಿ ನಿದ್ರೆ ಬಾರದು. ಮರುದಿನ ಎರಡು ಪಾಲು ಕೊಡಬಾರದು. ಭಾನುವಾರ, ಹಬ್ಬದ ದಿನ, ಜಾತ್ರೆಯ ದಿನ ಬಿಡಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು. ಔಷಧದಿಂದ ಔಷಧಕ್ಕೆ ಉತ್ತರ ಬೇರೆ.

ಮಧ್ಯಾಹ್ನದ ಮಾತ್ರೆಯೂ ಇದ್ದರೆ ಅದನ್ನು ಮಗುವಿನ ಚೀಲದಲ್ಲಿಟ್ಟು ಕಳುಹಿಸಬಾರದು. ಮುಖ್ಯೋಪಾಧ್ಯಾಯರನ್ನು ಕಂಡು, ವೈದ್ಯರ ಚೀಟಿಯ ಪ್ರತಿಯನ್ನು ಕೊಟ್ಟು, ಯಾರು ಎಲ್ಲಿ ಕೊಡುವರೆಂದು ನಿಶ್ಚಯಿಸಬೇಕು. ತರಗತಿಯ ಎದುರು ಹೆಸರು ಕೂಗಿ ಕರೆಯದಿರುವಂತೆ ವಿನಂತಿಸಬೇಕು.

ಎಚ್ಚರ ವಹಿಸಬೇಕಾದುದು

ಔಷಧ ಆರಂಭಿಸುವ ಮೊದಲೇ, ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ, ಮಗುವಿಗೆ ಹೃದಯದ ತೊಂದರೆಯೋ ಆಟವಾಡುವಾಗ ಎಚ್ಚರ ತಪ್ಪುವುದೋ ಇದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಪ್ರತಿ ಭೇಟಿಯಲ್ಲಿಯೂ ತೂಕ, ಎತ್ತರ, ನಾಡಿ, ರಕ್ತದೊತ್ತಡ ನೋಡಿಸಬೇಕು. ಕೆಲವು ಮಕ್ಕಳಲ್ಲಿ ಬೆಳವಣಿಗೆ ಸ್ವಲ್ಪ ನಿಧಾನವಾಗುವುದುಂಟು. ಎದೆನೋವು, ಎಚ್ಚರ ತಪ್ಪುವುದು, ಇಲ್ಲದ್ದು ಕಾಣುವುದು ಅಥವಾ ಕೇಳಿಸುವುದು, ಸಾಯುವ ಮಾತು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮುಖ, ಕತ್ತು ತಾನಾಗಿ ಅದುರುವುದು ಆರಂಭವಾದರೆ ವೈದ್ಯರಿಗೆ ತಿಳಿಸಬೇಕು. ಆಟೊಮಾಕ್ಸೆಟಿನ್ ತೆಗೆದುಕೊಳ್ಳುವ ಮಗುವಿನ ಕಣ್ಣು ಹಳದಿಯಾದರೆ ಅದು ಯಕೃತ್ತಿನ ತೊಂದರೆಯಾಗಿರಬಹುದು, ಅಪರೂಪವಾದರೂ ತಡಮಾಡುವಂಥದಲ್ಲ.

ಮೀಥೈಲ್‌ಫೆನಿಡೇಟ್ ನಮ್ಮ ದೇಶದ ಔಷಧ ನಿಯಮಗಳ ಎಕ್ಸ್ ಅನುಸೂಚಿಗೆ ಸೇರಿದೆ. ವೈದ್ಯರ ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಇದಕ್ಕೆ ಪ್ರತ್ಯೇಕ ಪರವಾನಗಿ ಬೇಕಾದುದರಿಂದ ಬಡಾವಣೆಯ ಎಲ್ಲ ಔಷಧ ಅಂಗಡಿಗಳಲ್ಲಿ ಸಿಗುವುದಿಲ್ಲ. ಮುಗಿದ ದಿನ ಹುಡುಕಲು ಹೊರಟರೆ ವಾರ ಕಳೆದೀತು. ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನ ಏರ್ಪಾಡು ಮಾಡಬೇಕು. ಮನೆಯಲ್ಲಿ ಬೀಗ ಹಾಕಿಡಬೇಕು. ಬೇರೆ ಮಗುವಿಗೆ, “ಪರೀಕ್ಷೆಗೆ ಒಳ್ಳೆಯದಂತೆ” ಎಂದು ಕೇಳುವ ದೊಡ್ಡ ಹುಡುಗರಿಗೆ, ಒಂದು ಮಾತ್ರೆಯನ್ನೂ ಕೊಡಬಾರದು.

ಭಕ್ತರು ಕೇಳುವ ಪ್ರಶ್ನೆಗಳು

*ಇದು ಚಟವಾಗುವುದಿಲ್ಲವೇ?* ವೈದ್ಯರು ಹೇಳಿದ ಪ್ರಮಾಣದಲ್ಲಿ, ಹಿರಿಯರ ಕೈಯಿಂದ, ಬಾಯಿಯ ಮೂಲಕ ತೆಗೆದುಕೊಳ್ಳುವ ಮಗುವಿಗೆ ಚಟವಾಗುವ ಭಯ ಬಲು ಕಡಿಮೆ. ದುರುಪಯೋಗವಾಗಬಹುದೆಂಬ ಕಾರಣಕ್ಕೇ ಮೇಲೆ ಹೇಳಿದ ಕಾನೂನು ಇದೆ.

*ಜೀವನವಿಡೀ ಬೇಕೇ?* ಹೀಗೇ ಎಂದು ಹೇಳಲಾಗದು. ಬೆಳೆದಂತೆ ಕೆಲವರಲ್ಲಿ ಲಕ್ಷಣಗಳು ತಗ್ಗುತ್ತವೆ, ಕೆಲವರಲ್ಲಿ ಉಳಿಯುತ್ತವೆ. ಇನ್ನೂ ಬೇಕೇ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ವೈದ್ಯರೊಡನೆ ಕುಳಿತು ವಿಚಾರ ಮಾಡಬೇಕು.

*ದೃಷ್ಟಿ ತೆಗೆಸಿ, ತಾಯಿತ ಕಟ್ಟಿಸಿದರೆ ಸಾಲದೇ?* ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ, ತಾಯಿತದಿಂದ ವಾಸಿಯಾಗುವುದಲ್ಲ. ವಿಭೂತಿ ಧರಿಸಿ ಎರಡು ನಿಮಿಷ ಕಣ್ಣು ಮುಚ್ಚಿ ಕೂರುವ ಅಭ್ಯಾಸ ಮಗುವಿನ ಮನಸ್ಸಿಗೆ ಹಿತವೇ. ಆದರೆ ಅದು ಔಷಧದ ಜಾಗದಲ್ಲಿ ಅಲ್ಲ, ಔಷಧದ ಜೊತೆಯಲ್ಲಿ ಇರಬೇಕು.

*ಬ್ರಾಹ್ಮಿ ಮುಂತಾದ ಗಿಡಮೂಲಿಕೆ ಕೊಡಬಹುದೇ?* ಕೊಡುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಅದನ್ನು ನಂಬಿ ಬರೆದ ಔಷಧವನ್ನು ನಿಲ್ಲಿಸಬಾರದು.

ಮಾತ್ರೆಯ ಹೊರಗಿನ ಚಿಕಿತ್ಸೆ

ಮಾತ್ರೆ ಮಗುವಿನ ಮನಸ್ಸನ್ನು ಕೆಲ ಗಂಟೆ ನಿಲ್ಲಿಸಿಕೊಡುತ್ತದೆ. ಆ ಹೊತ್ತಿನಲ್ಲಿ ಕಲಿಸುವ ಕೆಲಸ ನಮ್ಮದು. ಒಂದು ಬಾರಿಗೆ ಒಂದೇ ಮಾತು ಹೇಳಬೇಕು, ಅದೂ ಬಳಿಗೆ ಹೋಗಿ ಕಣ್ಣು ನೋಡಿ. “ಚೀಲ ಇಡು, ಕೈ ತೊಳಿ, ಬಟ್ಟೆ ಬದಲಾಯಿಸು, ಓದೋಕೆ ಕೂತ್ಕೋ” ಎಂದು ಒಟ್ಟಿಗೆ ಹೇಳಿದರೆ ಮೊದಲನೆಯದೂ ಆಗದು. ಹತ್ತು ನಿಮಿಷ ಓದು, ಐದು ನಿಮಿಷ ಓಟ. ಮಾಡಿದ ಒಳ್ಳೆಯದನ್ನು ಆ ಕ್ಷಣವೇ ಹೆಸರಿಟ್ಟು ಮೆಚ್ಚಬೇಕು. ರಾತ್ರಿ ಒಂದೇ ಹೊತ್ತಿಗೆ ಮಲಗಿಸಬೇಕು. ಮಲಗುವ ಮುಂಚಿನ ಒಂದು ಗಂಟೆ ಮೊಬೈಲು ದೂರವಿರಬೇಕು. ಹೊಡೆತ ಸಲ್ಲದು.

ನೆರವು ಎಲ್ಲಿ

ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಪ್ರತ್ಯೇಕವಾಗಿದೆ. ದೂರದ ಊರುಗಳ ಭಕ್ತರು ಮೊದಲು ತಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಸರ್ಕಾರದ ಟೆಲಿಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಭೇಟಿಗೆ ಹೋಗುವಾಗ ಶಾಲೆಯ ಶಿಕ್ಷಕರಿಂದ ಒಂದು ಪುಟ ಬರೆಸಿಕೊಂಡು ಹೋಗುವುದು ಒಳ್ಳೆಯದು. ಎಷ್ಟು ದಿನ ಔಷಧ ತಪ್ಪಿತು, ಎಷ್ಟು ದಿನ ಉಗುಳಿದ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ನಾವು ಹನ್ನೊಂದು ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಟ್ಟೆವು. ಅವರು ಬಯ್ಯಲಿಲ್ಲ. ಹೆಚ್ಚಿಸಿದ್ದ ಪ್ರಮಾಣವನ್ನು ಹೊಡೆದುಹಾಕಿ ಹಳೆಯದನ್ನೇ ಬರೆದರು. ಆ ಪ್ರಮಾಣವೇ ಮಗುವಿಗೆ ಸಾಕಾಗಿತ್ತು.

ಈಗ ಬೆಳಗಿನ ಏಳು ಗಂಟೆಗೆ ನಮ್ಮ ಮನೆಯಲ್ಲಿ ಗದ್ದಲವಿಲ್ಲ ಎಂದರೆ ಸುಳ್ಳಾದೀತು. ಮೊಮ್ಮಗ ಇಂದಿಗೂ ಒಂದು ಕಾಲುಚೀಲ ಹುಡುಕುತ್ತಲೇ ಇರುತ್ತಾನೆ. ರೈಲಿನ ಸದ್ದು ಕೇಳಿದರೆ ತಿಂಡಿ ಬಿಟ್ಟು ಓಡುತ್ತಾನೆ. ಆದರೆ ಮಾತ್ರೆಯನ್ನು ತಾನೇ ಕೇಳಿ ಪಡೆದು, ನುಂಗಿ, ಬಾಯಿ ತೆರೆದು ತೋರಿಸಿ, ಪಂಚಾಂಗದಲ್ಲಿ ಗೀಟು ಹಾಕುತ್ತಾನೆ. ಕಳೆದ ತಿಂಗಳು ಪೂಜೆಯ ಬಳಿಕ ಅಜ್ಜಿ ಕೊಟ್ಟ ಪ್ರಸಾದವನ್ನು ಮೂಸಿ ನೋಡದೆ ಬಾಯಿಗೆ ಹಾಕಿಕೊಂಡ. ನಮ್ಮ ಪಾಲಿಗೆ ಅದೇ ದೊಡ್ಡ ಗುಣ. ಇಂಥ ಮಗುವಿರುವ ಮನೆಯವರು ಔಷಧದ ವಿಷಯದಲ್ಲಿ ಮಗುವಿಗೂ ವೈದ್ಯರಿಗೂ ನಿಜವನ್ನೇ ಹೇಳಲಿ. ಉಳಿದುದನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಕಲಿಯಬಹುದು.